ಇಷ್ಟು ಚಿಕ್ಕ ಫೋಟೋಗೆ ಸರ್ವರ್ ಯಾಕೆ ಮಲಗುತ್ತೆ?

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುವ ಫಿಸಿಕ್ಸ್ ಮೇಷ್ಟ್ರೊಬ್ಬರು ಕೇಳಿದ ಪ್ರಶ್ನೆ ಇದು. "ಅಲ್ಲಪ್ಪಾ, ವಿಡಿಯೋ ಬೇಡ, ಹತ್ತು ಸೆಕೆಂಡಿಗೊಂದು ಫೋಟೋ ಬಂದರೆ ಸಾಕು ಅಂದೆ. ಫೋಟೋ ಅಂದ್ರೆ ವಿಡಿಯೋಗಿಂತ ಹಗುರ ತಾನೇ? ಮತ್ಯಾಕೆ ಸಂಜೆ ಆರು ಗಂಟೆ ಆಗ್ತಿದ್ದ ಹಾಗೆ ಎಲ್ಲಾ ನಿಂತುಹೋಗುತ್ತೆ?"

"ಹಗುರಾನೇ ಸಾರ್. ಆದರೆ ಎಷ್ಟು ಜನಕ್ಕೆ, ಯಾವಾಗ ಹೋಗುತ್ತೆ ಅನ್ನೋದನ್ನ ಯಾರೂ ಲೆಕ್ಕ ಹಾಕಿಲ್ಲ" ಅಂದೆ. ಅಲ್ಲಿ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು, ಫೋಟೋ ಯಾಕೆ ಬೇಕು ಅನ್ನೋದು. ಮೇಷ್ಟ್ರಿಗೆ ಬೇಕಿರುವುದು ಮಕ್ಕಳು ಕ್ಯಾಮೆರಾ ಮುಂದೆ ಇದ್ದಾರಾ, ಎದ್ದು ಹೋದರಾ, ನಿದ್ದೆ ಮಾಡುತ್ತಿದ್ದಾರಾ ಎನ್ನುವ ಒಂದು ಅಂದಾಜು. ಅದಕ್ಕೆ ಓಡುವ ವಿಡಿಯೋ ಬೇಕಾಗಿಲ್ಲ. ಚೆನ್ನರಾಯಪಟ್ಟಣದ ಹುಡುಗನಿಗೆ ಮನೆಯಲ್ಲಿ ಫೈಬರ್ ಇರಬಹುದು. ಸಕಲೇಶಪುರದ ಆಚೆ ತೋಟದ ಮನೆಯ ಹುಡುಗಿ ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಪಾಠ ಕೇಳುತ್ತಾಳೆ. ತೀರಾ ಚಿಕ್ಕ ವಿಡಿಯೋ ಕಳಿಸೋಕೂ ಸುಮಾರು 100ರಿಂದ 150 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್; 8 ಬಿಟ್ ಸೇರಿದರೆ ಒಂದು ಬೈಟ್) ಅಪ್‌ಲೋಡ್ ಬೇಕು. ಹತ್ತು ಸೆಕೆಂಡಿಗೊಂದು 5 ಕೆಬಿ ಫೋಟೋ ಅಂದರೆ ಸರಾಸರಿ 4 ಕೆಬಿಪಿಎಸ್ ಅಷ್ಟೇ. ಹಾಗಾಗಿ ಮೇಷ್ಟ್ರ ಯೋಚನೆ ಸರಿಯಾಗಿಯೇ ಇದೆ. ಕೆಟ್ಟಿರುವುದು ಅದನ್ನು ಮಾಡಿದ ರೀತಿ.

ಇಲ್ಲೊಂದು ಸಂಶಯ ಸಹಜ. ಮೀಟಿಂಗ್ ಆ್ಯಪ್‌ಗಳಲ್ಲಿ ನೂರಾರು ಜನ ವಿಡಿಯೋದಲ್ಲೇ ಕೂರುತ್ತಾರಲ್ಲ, ಅಲ್ಲಿ ಸರ್ವರ್ ಯಾಕೆ ಮಲಗಲ್ಲ? ಇವತ್ತು ಬ್ರೌಸರ್‌ನಲ್ಲಿ ನಡೆಯುವ ಬಹುಪಾಲು ಮೀಟಿಂಗ್‌ಗಳ ಹಿಂದೆ ವೆಬ್‌ಆರ್‌ಟಿಸಿ ಎಂಬ ತಂತ್ರಜ್ಞಾನ ಇದೆ. ಗೂಗಲ್ ಅದನ್ನು 2011ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2021ರ ಜನವರಿಯಲ್ಲಿ ಅದು ಅಧಿಕೃತ ವೆಬ್ ಮಾನದಂಡವೂ ಆಯಿತು. ದೊಡ್ಡ ಮೀಟಿಂಗ್‌ಗಳಲ್ಲಿ ನಡುವೆ ಕೂರುವ ಸರ್ವರ್‌ಗೆ ಎಸ್‌ಎಫ್‌ಯು ಎನ್ನುತ್ತಾರೆ. ಅದು ಬಂದ ವಿಡಿಯೋವನ್ನು ಬಿಡಿಸಿ ನೋಡುವುದೇ ಇಲ್ಲ. ಯಾರಿಗೆ ಕಳಿಸಬೇಕೋ ಅವರ ಕಡೆ ದಾಟಿಸಿಬಿಡುತ್ತದೆ, ಅದೂ ನೋಡುವವರ ತೆರೆಯಲ್ಲಿ ಕಾಣುವಷ್ಟು ಮುಖಗಳನ್ನು ಮಾತ್ರ. ಹಾಗಾಗಿ ಅದರ ಸಿಪಿಯುಗೆ ಶ್ರಮ ಕಡಿಮೆ.

ಹಾಗಾದರೆ ಆ ಸರ್ವರ್‌ಗೇ "ನೀನೇ ಮಧ್ಯದಲ್ಲಿ ಒಂದೊಂದು ಫೋಟೋ ಕಿತ್ತುಕೊಡು" ಅಂದರಾಯಿತಲ್ವಾ? ಇದೇ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ದುಬಾರಿ ದಾರಿಯೂ ಹೌದು. ವಿಡಿಯೋದಲ್ಲಿ ಪ್ರತಿ ಫ್ರೇಮ್ ಪೂರ್ತಿ ಚಿತ್ರವಲ್ಲ. ಹೆಚ್ಚಿನವುಗಳಲ್ಲಿ ಹಿಂದಿನ ಫ್ರೇಮ್‌ಗಿಂತ ಏನು ಬದಲಾಯಿತು ಅನ್ನೋದಷ್ಟೇ ಇರುತ್ತದೆ. ಪೂರ್ತಿ ಚಿತ್ರ ಇರುವ ಫ್ರೇಮ್‌ಗೆ ಕೀಫ್ರೇಮ್ ಎನ್ನುತ್ತಾರೆ. ಸರ್ವರ್ ಫೋಟೋ ತೆಗೆಯಬೇಕಾದರೆ ಕೀಫ್ರೇಮ್‌ಗೆ ಕಾಯಬೇಕು, ಇಲ್ಲವೇ ಹುಡುಗನ ಫೋನ್‌ನಿಂದ ಕೇಳಿ ತರಿಸಿಕೊಳ್ಳಬೇಕು. ಕೀಫ್ರೇಮ್ ಉಳಿದವಕ್ಕಿಂತ ಎಷ್ಟೋ ಪಟ್ಟು ದಪ್ಪ. ಹತ್ತತ್ತು ಸೆಕೆಂಡಿಗೆ 200 ಜನರಿಂದ ಅದನ್ನು ತರಿಸಿ, ಬಿಡಿಸಿ, ಮತ್ತೆ ಫೋಟೋ ಮಾಡಿ ಇಡುವಷ್ಟರಲ್ಲಿ ಎಸ್‌ಎಫ್‌ಯುನ ಹಗುರತನವೆಲ್ಲ ಮಾಯ. ಫೋಟೋ ತೆಗೆಯುವ ಕೆಲಸ ವಿದ್ಯಾರ್ಥಿಯ ಫೋನ್‌ನಲ್ಲೇ ಆಗಬೇಕು. ಇದರ ಬಗ್ಗೆ ನನಗೆ ಎರಡನೇ ಯೋಚನೆ ಇಲ್ಲ.

ಈಗ ಲೆಕ್ಕ. ಜಿಲ್ಲೆಯ ಎಂಟೂ ತಾಲ್ಲೂಕುಗಳಿಂದ ಸೇರಿ 200 ಮಕ್ಕಳು ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರಿಂದ ಹತ್ತು ಸೆಕೆಂಡಿಗೊಂದು ಫೋಟೋ. ಅಂದರೆ ಸೆಕೆಂಡಿಗೆ 20 ಫೋಟೋ ಒಳಗೆ ಬರುತ್ತವೆ. ಕುಗ್ಗಿಸದೆ ಕಳಿಸಿದರೆ ಒಂದೊಂದೂ 640×480 ಅಳತೆ, ಸುಮಾರು 50 ಕೆಬಿ. ಸೆಕೆಂಡಿಗೆ 1 ಎಂಬಿ ಆಯಿತು. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯ ಸರ್ವರ್‌ಗೂ ಇದು ದೊಡ್ಡದಲ್ಲ. ಬರುವ ಕಡೆ ನೋಡಿದರೆ ತೊಂದರೆಯೇ ಕಾಣಿಸುವುದಿಲ್ಲ.

ಹೋಗುವ ಕಡೆ ನೋಡಿ. ಆ್ಯಪ್ ಬರೆದವರು ಮೀಟಿಂಗ್ ಅಂದರೆ ಎಲ್ಲರಿಗೂ ಎಲ್ಲರೂ ಕಾಣಬೇಕು ಅಂದುಕೊಂಡಿರುತ್ತಾರೆ. 200 ಜನರ ಫೋಟೋ 200 ಜನಕ್ಕೆ, ಅಂದರೆ ಹತ್ತು ಸೆಕೆಂಡಿನಲ್ಲಿ 40,000 ರವಾನೆ. ಸೆಕೆಂಡಿಗೆ 4,000. 50 ಕೆಬಿಯಂತೆ ಸೆಕೆಂಡಿಗೆ 200 ಎಂಬಿ, ಅಂದರೆ 1.6 ಜಿಬಿಪಿಎಸ್. ಒಳಗೆ ಬಂದದ್ದರ 200 ಪಟ್ಟು! ಸಾಮಾನ್ಯ ಸರ್ವರ್‌ನ ನೆಟ್‌ವರ್ಕ್ ಕಾರ್ಡ್ 1 ಜಿಬಿಪಿಎಸ್‌ಗೇ ಕೈಚೆಲ್ಲುತ್ತದೆ.

ಸರ್ವರ್ ಬಿಡಿ, ಮಕ್ಕಳ ಕಡೆ ನೋಡಿ. ಪ್ರತಿ ಫೋನ್ ಹತ್ತು ಸೆಕೆಂಡಿಗೆ 10 ಎಂಬಿ ಇಳಿಸಿಕೊಳ್ಳಬೇಕು. ಗಂಟೆಗೆ 3.6 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡಿರುವ ಹುಡುಗಿಗೆ ಅರ್ಧ ಗಂಟೆ ಪಾಠವೂ ಪೂರ್ತಿ ಸಿಗುವುದಿಲ್ಲ. ವಿಡಿಯೋಗಿಂತ ಹಗುರ ಅಂತ ತಂದ ಫೋಟೋ ವಿಡಿಯೋವನ್ನೇ ಮೀರಿಸಿಬಿಟ್ಟಿತು.

ಹಾಗಾಗಿ ಮೊದಲ ಪ್ರಶ್ನೆ ಫೋಟೋ ಎಷ್ಟು ದೊಡ್ಡದು ಅನ್ನೋದಲ್ಲ. ಯಾರು ನೋಡಬೇಕು ಅನ್ನೋದು. ಕ್ಲಾಸಿನಲ್ಲಿ ಮೇಷ್ಟ್ರು ನೋಡಿದರೆ ಸಾಕು. ಜತೆಗೆ ಒಬ್ಬ ಸಹಾಯಕ ಇರಬಹುದು. ಇಬ್ಬರೇ ನೋಡುವವರು ಅಂದರೆ ಸೆಕೆಂಡಿಗೆ 4,000 ಇದ್ದದ್ದು 40ಕ್ಕೆ ಇಳಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಕಿಲ್ಲ, ಒಂದು ಅನುಮತಿ ಪರಿಶೀಲನೆ ಸಾಕು. ಪಕ್ಕದ ಮನೆಯ ಹುಡುಗನ ರೂಮು ಇಡೀ ಕ್ಲಾಸಿಗೆ ಕಾಣುವುದೂ ತಪ್ಪುತ್ತದೆ.

ಆಮೇಲೆ ಗಾತ್ರ. ಮೇಷ್ಟ್ರ ತೆರೆಯಲ್ಲಿ ಒಂದು ಮುಖ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಅದಕ್ಕೆ 160×120 ಸಾಕು. 640×480ರಲ್ಲಿ 3,07,200 ಚುಕ್ಕೆಗಳಿದ್ದರೆ ಇದರಲ್ಲಿ 19,200. ಹದಿನಾರನೇ ಒಂದು ಭಾಗ. ಜೆಪೆಗ್ ಗುಣಮಟ್ಟವನ್ನು 50-60ಕ್ಕೆ ಇಟ್ಟರೆ ಸುಮಾರು 5 ಕೆಬಿಗೆ ಬರುತ್ತದೆ. ವೆಬ್‌ಪಿ ಎಂಬ ಇನ್ನೊಂದು ಚಿತ್ರ ಮಾದರಿ ಬಳಸಿದರೆ ಇನ್ನೂ ಸ್ವಲ್ಪ ಇಳಿಯಬಹುದು. ಆದರೆ 5 ಕೆಬಿಯಲ್ಲಿ ಒಂದು ಕೆಬಿ ಉಳಿಸಲು ಹಳೇ ಫೋನ್‌ಗಳ ತೊಂದರೆ ಮೈಮೇಲೆ ಎಳೆದುಕೊಳ್ಳುವುದು ನನಗೆ ಇಷ್ಟವಿಲ್ಲ.

ಈ ಕುಗ್ಗಿಸುವ ಕೆಲಸ ಸರ್ವರ್‌ನಲ್ಲಿ ಮಾಡಬೇಡಿ. ಫೋನ್‌ನ ಬ್ರೌಸರ್‌ನಲ್ಲೇ ಕ್ಯಾಮೆರಾ ಚಿತ್ರವನ್ನು ಒಂದು ಚಿಕ್ಕ ಕ್ಯಾನ್ವಾಸ್ ಮೇಲೆ ಬಿಡಿಸಿ ಅಲ್ಲಿಂದಲೇ ಜೆಪೆಗ್ ಮಾಡಿಸಬಹುದು. ಅದಕ್ಕೆ ಚಿತ್ರವನ್ನು ಬೈಟ್‌ಗಳಾಗಿಯೇ ಕೊಡುವ ಟು-ಬ್ಲಾಬ್ ಅನ್ನೋ ಫಂಕ್ಷನ್ ಇದೆ. ಎಷ್ಟೋ ಕಡೆ ಇದರ ಬದಲು ಟು-ಡೇಟಾ-ಯುಆರ್‌ಎಲ್ ಬಳಸಿರುತ್ತಾರೆ. ಅದು ಚಿತ್ರವನ್ನು ಅಕ್ಷರಗಳ ಸಾಲಾಗಿ, ಅಂದರೆ ಬೇಸ್64 ಆಗಿ ಕೊಡುತ್ತದೆ. ಪ್ರತಿ 3 ಬೈಟ್‌ಗೆ 4 ಅಕ್ಷರ, ಅಂದರೆ ಮೂರನೇ ಒಂದು ಭಾಗ ಸುಮ್ನೆ ದಂಡ. ಅದರ ಮೇಲೆ ಅದನ್ನು ಜೇಸನ್ ಎಂಬ ಪಠ್ಯರೂಪದ ಸಂದೇಶದಲ್ಲಿ ತುಂಬಿ ಕಳಿಸಿದರೆ ಸರ್ವರ್ ಮತ್ತೆ ಬಿಚ್ಚುವ ಕೆಲಸ ಬೇರೆ.

ಚಿಕ್ಕ ಫೋಟೋದಲ್ಲಿ ಇನ್ನೊಂದು ವಿಚಾರ ಅಡಗಿದೆ. 50 ಕೆಬಿ ಫೋಟೋದ ಜತೆ 2 ಕೆಬಿ ಕುಕೀ, ಹೆಡರ್ (ಯಾರಿಂದ, ಎಲ್ಲಿಗೆ ಅಂತ ಹೇಳುವ ಲಕೋಟೆಯ ಮೇಲಿನ ಬರಹದಂಥದ್ದು) ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 5 ಕೆಬಿ ಫೋಟೋದ ಜತೆ ಅದೇ 2 ಕೆಬಿ ಹೋದರೆ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಸಲ ಹೊಸ ಸಂಪರ್ಕ ತೆರೆದರೆ ಗೂಢಲಿಪಿಯ ಒಪ್ಪಂದಕ್ಕೇ ಒಂದೆರಡು ಸುತ್ತು ಓಡಾಟ. ಒಂದು ಸಂಪರ್ಕವನ್ನು ತೆರೆದಿಟ್ಟುಕೊಂಡು ಅದರಲ್ಲೇ ಕಳಿಸುತ್ತಾ ಹೋಗಬೇಕು. ವೆಬ್‌ಸಾಕೆಟ್ ಆದರೂ ಸರಿ, ಎಚ್‌ಟಿಟಿಪಿ/2 ಆದರೂ ಸರಿ.

ಇಷ್ಟೆಲ್ಲ ಮಾಡಿದ ಮೇಲೆ ಹೊರಹೋಗುವುದು ಸೆಕೆಂಡಿಗೆ 200 ಕೆಬಿ. 1.6 ಜಿಬಿಪಿಎಸ್ ಇದ್ದದ್ದು 1.6 ಎಂಬಿಪಿಎಸ್ ಆಯಿತು. ಮಗು ಕಳಿಸುವುದು ಗಂಟೆಗೆ 1.8 ಎಂಬಿ.

ಆದರೂ ಆರು ಗಂಟೆಗೆ ಸರ್ವರ್ ಮಲಗಬಹುದು. ಇಲ್ಲಿಂದ ಮುಂದಿನದೇ ಈ ವಿಷಯದ ಮುಖ್ಯ ಭಾಗ.

ಸೆಕೆಂಡಿಗೆ 20 ಅನ್ನೋದು ಸರಾಸರಿ. ಸರಾಸರಿ ನಂಬಿ ಕೂತವರು ಕೆಡುತ್ತಾರೆ. ಕ್ಲಾಸ್ ಶುರುವಾದ ಗಳಿಗೆಯಿಂದ ಎಲ್ಲರ ಟೈಮರ್ ಒಟ್ಟಿಗೆ ಓಡಲು ಶುರುವಾದರೆ, ಅಥವಾ ಆ್ಯಪ್ ಗಡಿಯಾರ ನೋಡಿ 10, 20, 30ನೇ ಸೆಕೆಂಡಿಗೆ ಸರಿಯಾಗಿ ಫೋಟೋ ತೆಗೆದರೆ, ಇನ್ನೂರೂ ಒಂದೇ ಕ್ಷಣಕ್ಕೆ ಬಂದು ಬೀಳುತ್ತವೆ. ಆಮೇಲೆ ಮುಂದಿನ ಸುತ್ತಿನವರೆಗೆ ಹೊಸದೊಂದೂ ಬರುವುದಿಲ್ಲ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಆಗಿನ ಸಾಲು ನೋಡಿದವರಿಗೆ ಗೊತ್ತು. ಅಷ್ಟೇ ಜನ 365 ದಿನಕ್ಕೆ ಹಂಚಿಕೊಂಡು ಬಂದಿದ್ದರೆ ಊರಿಗೆ ಗೊತ್ತೇ ಆಗುತ್ತಿರಲಿಲ್ಲ. ಅಮ್ಮನವರ ವಿಷಯದಲ್ಲಿ ಹಾಗೆ ಹಂಚುವಂತಿಲ್ಲ. ಫೋಟೋ ವಿಷಯದಲ್ಲಿ ಧಾರಾಳವಾಗಿ ಹಂಚಬಹುದು.

ಒಂದು ಫೋಟೋ ಸ್ವೀಕರಿಸಿ, ಪರೀಕ್ಷಿಸಿ, ಇಡಲು ಸರ್ವರ್‌ಗೆ 20 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಸಿಪಿಯು ಕೋರ್ ಒಂದೇ. ಸೆಕೆಂಡಿಗೆ 20 ಬಂದರೆ ಅರ್ಧಕ್ಕಿಂತ ಕಡಿಮೆ ಹೊತ್ತು ಕೆಲಸ, ಉಳಿದದ್ದು ಆರಾಮ. 200 ಒಟ್ಟಿಗೆ ಬಂದರೆ 4 ಸೆಕೆಂಡಿನ ಕೆಲಸ. ಸಾಲಿನ ಕೊನೆಯವನು 4 ಸೆಕೆಂಡ್ ಕಾಯಬೇಕು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಆ್ಯಪ್‌ನಲ್ಲಿ "3 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸು" ಅಂತ ಬರೆದಿರುತ್ತಾರೆ. ಮೂರು ಸೆಕೆಂಡಿಗೆ 150 ಮುಗಿದಿವೆ. ಉಳಿದ 50 ಫೋನ್‌ಗಳು ಮತ್ತೆ ಕಳಿಸುತ್ತವೆ. ಸರ್ವರ್‌ನ ಸಾಲಿನಲ್ಲಿ ಈಗ ಹಳೇ 50, ಹೊಸ 50. ಯಾರೂ ಕಾಯದ ಹಳೇ 50ಕ್ಕೂ ಅದು ನಿಷ್ಠೆಯಿಂದ ಕೆಲಸ ಮಾಡುತ್ತದೆ. 200 ಮಕ್ಕಳ ಬದಲು 500 ಮಕ್ಕಳಿದ್ದರೆ ಮೊದಲ ಸುತ್ತಿನಲ್ಲೇ 350 ಮರುಪ್ರಯತ್ನ. ಆ ಸುತ್ತು ಮುಗಿಯುವ ಮೊದಲೇ ಮುಂದಿನ ಹತ್ತು ಸೆಕೆಂಡಿನ ಫೋಟೋಗಳು ಬಂದಿರುತ್ತವೆ. ಮತ್ತೆ ಅದು ತಲೆ ಎತ್ತುವುದೇ ಇಲ್ಲ.

ಔಷಧಿ ಸುಲಭ. ಕ್ಲಾಸಿಗೆ ಬಂದ ಪ್ರತಿ ಫೋನ್ ಮೊದಲ ಫೋಟೋ ಕಳಿಸುವ ಮುನ್ನ 0ಯಿಂದ 10 ಸೆಕೆಂಡಿನೊಳಗೆ ಯಾವುದೋ ಒಂದು ಹೊತ್ತು ಕಾಯಲಿ. ಆಮೇಲೂ ಪ್ರತಿ ಸುತ್ತಿಗೆ ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆಗಲಿ. ಇದಕ್ಕೆ ಜಿಟ್ಟರ್ ಎನ್ನುತ್ತಾರೆ. ಕೋಡ್‌ನಲ್ಲಿ ಒಂದು ಸಾಲು. ಈ ಒಂದು ಸಾಲು ಎಷ್ಟೋ ಸಲ ದೊಡ್ಡ ಸರ್ವರ್ ಖರೀದಿಯನ್ನೇ ತಪ್ಪಿಸುತ್ತದೆ.

ಮರುಪ್ರಯತ್ನದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟು: ಫೋಟೋ ಹೋಗದಿದ್ದರೆ ಬಿಟ್ಟುಬಿಡಿ. ಬ್ಯಾಂಕಿನ ಹಣ ರವಾನೆಯಾಗಿದ್ದರೆ ಮತ್ತೆ ಕಳಿಸಲೇಬೇಕು. ಇದು ಹತ್ತು ಸೆಕೆಂಡ್ ಹಳೆಯ ಮುಖ. ಅಷ್ಟರಲ್ಲಿ ಹೊಸದು ಸಿದ್ಧವಿರುತ್ತದೆ. ಇದನ್ನು ಮರೆತವರು ನೆಟ್ ಇಲ್ಲದಾಗ ಫೋಟೋಗಳನ್ನು ಫೋನ್‌ನಲ್ಲೇ ಕೂಡಿಟ್ಟು ಆಮೇಲೆ ಕಳಿಸುವ ವ್ಯವಸ್ಥೆ ಮಾಡಿರುತ್ತಾರೆ. ಐದು ನಿಮಿಷ ಟವರ್ ಹೋದರೆ ಒಬ್ಬೊಬ್ಬರ ಬಳಿ 30 ಫೋಟೋ. ಆಲೂರು ಕಡೆಯ ಟವರ್ ಒಂದಕ್ಕೆ ಕರೆಂಟ್ ವಾಪಸ್ ಬಂದರೆ 40 ಮಕ್ಕಳಿಂದ 1,200 ಫೋಟೋ ಒಂದೇ ಸಲ ನುಗ್ಗುತ್ತವೆ. ಒಂದೂ ಯಾರಿಗೂ ಬೇಡದ್ದು. ಹಿಂದಿನ ಫೋಟೋ ಇನ್ನೂ ದಾರಿಯಲ್ಲಿದ್ದರೆ ಈ ಸುತ್ತನ್ನು ಬಿಟ್ಟುಬಿಡು ಎನ್ನುವ ಒಂದೇ ನಿಯಮ ಸಾಕು. ನಿಧಾನದ ನೆಟ್ ಇರುವ ಫೋನ್ ತಾನಾಗಿಯೇ 20, 30 ಸೆಕೆಂಡಿಗೊಂದು ಕಳಿಸಲು ಶುರು ಮಾಡುತ್ತದೆ.

ಸಂಪರ್ಕವೇ ಕಡಿದುಹೋದಾಗ ಮಾತ್ರ ಮತ್ತೆ ಮತ್ತೆ ಪ್ರಯತ್ನಿಸಬೇಕು. ಅಲ್ಲಿ 1, 2, 4, 8 ಸೆಕೆಂಡ್ ಹೀಗೆ ದುಪ್ಪಟ್ಟು ಮಾಡುತ್ತಾ, 60ಕ್ಕೆ ನಿಲ್ಲಿಸಿ, ಪ್ರತಿ ಸಲ ಜಿಟ್ಟರ್ ಸೇರಿಸಿ. ಜಿಟ್ಟರ್ ಇಲ್ಲದ ದುಪ್ಪಟ್ಟು ಅರ್ಧ ಔಷಧಿ. ಒಟ್ಟಿಗೆ ಬಿದ್ದವರು ಒಟ್ಟಿಗೇ ಏಳುತ್ತಾರೆ, ಒಟ್ಟಿಗೇ ಮತ್ತೆ ಬೀಳುತ್ತಾರೆ.

ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. ಫೋಟೋ ಮಧ್ಯದ ಅಂತರವನ್ನು ಆ್ಯಪ್‌ನಲ್ಲಿ ಗಟ್ಟಿಯಾಗಿ ಬರೆಯಬೇಡಿ. ಪ್ರತಿ ಫೋಟೋಗೆ ಉತ್ತರ ಕೊಡುವಾಗ ಸರ್ವರ್ "ಮುಂದಿನದನ್ನು 10 ಸೆಕೆಂಡ್ ಬಿಟ್ಟು ಕಳಿಸು" ಅಂತ ತಾನೇ ಹೇಳಲಿ. ತಲೆ ಬಿಸಿಯಾದಾಗ 20 ಅನ್ನುತ್ತದೆ, ಇನ್ನೂ ಜಾಸ್ತಿಯಾದರೆ 40. ಮೇಷ್ಟ್ರು ನೋಡುತ್ತಿರುವ ಪುಟದಲ್ಲಿರುವ 25 ಮಕ್ಕಳಿಗೆ 10, ಉಳಿದವರಿಗೆ 30 ಅಂತಲೂ ಹೇಳಬಹುದು. ಮೇಷ್ಟ್ರು ಟ್ಯಾಬ್ ಬದಲಿಸಿ ಬೋರ್ಡ್ ಮೇಲೆ ಬರೆಯುತ್ತಿದ್ದರೆ ಎಲ್ಲರಿಗೂ 60. ಯಾರೂ ನೋಡದ ಫೋಟೋ ಯಾಕೆ ತರಿಸಬೇಕು ಅಲ್ವಾ? ಹೊಸ ಆ್ಯಪ್ ಬಿಡುಗಡೆ ಮಾಡದೆ, ಕ್ಲಾಸ್ ನಡೆಯುತ್ತಿರುವಾಗಲೇ ಹೊರೆ ಇಳಿಸಬಹುದು.

ಮಾತು ಕೇಳದ ಹಳೇ ಆ್ಯಪ್‌ಗಳಿಗೆ ಎಚ್‌ಟಿಟಿಪಿಯಲ್ಲಿ, ಅಂದರೆ ವೆಬ್ ಸರ್ವರ್‌ಗಳು ಮಾತಾಡುವ ಭಾಷೆಯಲ್ಲಿ, 429 ಎಂಬ ಉತ್ತರ ಇದೆ. 2012ರಲ್ಲಿ ಬಂದದ್ದು. "ತುಂಬಾ ಸಲ ಕೇಳಿದೆ, ಇಷ್ಟು ಹೊತ್ತು ಬಿಟ್ಟು ಬಾ" ಎಂದು ಅರ್ಥ. ಫೋಟೋವನ್ನು ಪೂರ್ತಿ ಓದುವ ಮುಂಚೆಯೇ ಇದನ್ನು ಕೊಟ್ಟು ಕಳಿಸಬೇಕು.

ಇನ್ನು ಸರ್ವರ್ ಒಳಗೆ. ಬಂದ ಫೋಟೋವನ್ನು ಡೇಟಾಬೇಸ್‌ನಲ್ಲಿ ಇಡುವ ಚಾಳಿ ಬಹಳ ಕಡೆ ಇದೆ. 200 ಮಕ್ಕಳಿಂದ ಗಂಟೆಗೆ 72,000 ಫೋಟೋ. ಪ್ರತಿಯೊಂದಕ್ಕೂ ಡಿಸ್ಕ್ ಮೇಲೆ ಬರೆ, ಇಂಡೆಕ್ಸ್ ತಿದ್ದು, ಬ್ಯಾಕಪ್‌ಗೆ ಸೇರಿಸು. ಯಾಕೆ? ಮೇಷ್ಟ್ರಿಗೆ ಬೇಕಿರುವುದು ಒಬ್ಬೊಬ್ಬರ ಇತ್ತೀಚಿನ ಒಂದು ಫೋಟೋ. ಅದನ್ನು ರ್ಯಾಮ್‌ನಲ್ಲೇ, ಮಾಹಿತಿಯನ್ನು ಅಲ್ಲೇ ಇಟ್ಟುಕೊಳ್ಳುವ ರೆಡಿಸ್‌ನಂಥ ತಂತ್ರಾಂಶದಲ್ಲಿ, ವಿದ್ಯಾರ್ಥಿಯ ಗುರುತಿನ ಕೆಳಗೆ ಇಡಿ. ಹೊಸದು ಬಂದಾಗ ಹಳೆಯದು ಅಳಿಯುತ್ತದೆ. ಒಂದು ನಿಮಿಷ ಹೊಸದು ಬರದಿದ್ದರೆ ತಾನಾಗಿಯೇ ಮಾಯವಾಗುವಂತೆ ಅವಧಿ ಕೊಡಿ. 200 ಮಕ್ಕಳು, ತಲಾ 5 ಕೆಬಿ. ಇಡೀ ಕ್ಲಾಸ್ 1 ಎಂಬಿಯಲ್ಲಿ ಮುಗಿಯಿತು. ಕೆಲವರಿಗೆ 60 ಸೆಕೆಂಡಿನ ಅಂತರ ಕೊಟ್ಟಿದ್ದರೆ ಈ ಅವಧಿಯನ್ನೂ ಮೂರು ನಿಮಿಷಕ್ಕೆ ಏರಿಸಬೇಕು. ಇಲ್ಲದಿದ್ದರೆ ಕ್ಲಾಸಲ್ಲೇ ಇರುವ ಹುಡುಗ ಗೈರುಹಾಜರು ಅಂತ ಕಾಣಿಸುತ್ತಾನೆ. ಹಿಂದೆ ಸರಿದ ಟ್ಯಾಬ್‌ನ ಟೈಮರ್‌ಗಳನ್ನು ಬ್ರೌಸರ್ ತಾನೇ ನಿಧಾನ ಮಾಡುವುದೂ ಉಂಟು. ಫೋಟೋ ಬರಲಿಲ್ಲ ಅಂದ ಮಾತ್ರಕ್ಕೆ ಮಗು ಎದ್ದು ಹೋಯಿತು ಅಂತ ತೀರ್ಮಾನಿಸಬಾರದು.

ಆನ್‌ಲೈನ್ ಪರೀಕ್ಷೆಯ ಕಥೆ ಬೇರೆ. ಅಲ್ಲಿ ಫೋಟೋ ಸಾಕ್ಷಿ, ಉಳಿಸಲೇಬೇಕು. ಆಗಲೂ ಫೋಟೋ ನಿಮ್ಮ ಆ್ಯಪ್ ಸರ್ವರ್ ಮೂಲಕ ಹಾದುಹೋಗಬೇಕಿಲ್ಲ. ಸರ್ವರ್ ಸ್ವಲ್ಪ ಹೊತ್ತು ಮಾತ್ರ ನಡೆಯುವ, ಸಹಿ ಮಾಡಿದ ಒಂದು ವಿಳಾಸ ಕೊಡುತ್ತದೆ. ಫೋನ್ ನೇರವಾಗಿ ಕ್ಲೌಡ್ ಸಂಗ್ರಹಕ್ಕೆ ಹಾಕುತ್ತದೆ. ಮುಖ ಗುರುತಿಸುವಂಥ ಭಾರದ ಕೆಲಸ ಇದ್ದರೆ ಅದನ್ನು ಕ್ಯೂನಲ್ಲಿ ಹಾಕಿ, ಬೇರೆ ಪ್ರಕ್ರಿಯೆಗಳು ನಿಧಾನವಾಗಿ ಎತ್ತಿಕೊಳ್ಳಲಿ. ಕ್ಲೌಡ್ ಸಂಗ್ರಹದಲ್ಲಿ ಜಾಗಕ್ಕಿಂತ ಪ್ರತಿ ಫೈಲ್ ಬರೆಯುವ ಶುಲ್ಕವೇ ಚಿಕ್ಕ ಫೋಟೋಗಳಿಗೆ ಜಾಸ್ತಿ ಬೀಳುವುದುಂಟು. ಒಂದು ನಿಮಿಷದ ಆರು ಫೋಟೋ ಒಟ್ಟುಗೂಡಿಸಿ ಒಂದೇ ಫೈಲಾಗಿ ಹಾಕಿದರೆ ಬಿಲ್ ಇಳಿಯುತ್ತದೆ.

ಬದಲಾಗದ ಫೋಟೋ ಕಳಿಸಬೇಡ ಎನ್ನುವ ಉಪಾಯವನ್ನೂ ಹೇಳುತ್ತಾರೆ. ಫೋನ್‌ನಲ್ಲೇ ಹಿಂದಿನ ಚಿತ್ರದ ಜತೆ ಹೋಲಿಸಿ, ವ್ಯತ್ಯಾಸ ಕಡಿಮೆ ಇದ್ದರೆ "ಇದ್ದೇನೆ" ಅನ್ನುವ ಕೆಲವೇ ಬೈಟ್‌ಗಳ ಸಂದೇಶ ಕಳಿಸುವುದು. ಕೇಳಲು ಚೆಂದ. ಹಿಂದೆ ಫ್ಯಾನ್ ತಿರುಗುತ್ತಿದ್ದರೆ, ಕಿಟಕಿಯ ಪರದೆ ಆಡುತ್ತಿದ್ದರೆ, ಪ್ರತಿ ಚಿತ್ರವೂ ಬದಲಾದ ಚಿತ್ರವೇ. ಚಿತ್ರವನ್ನು 16×12ಕ್ಕೆ ಕುಗ್ಗಿಸಿ, ಬಣ್ಣ ತೆಗೆದು ಹೋಲಿಸಿದರೆ ಸ್ವಲ್ಪ ವಾಸಿ. ಫೋಟೋ 5 ಕೆಬಿಗೆ ಇಳಿದ ಮೇಲೆ ಇದರಿಂದ ಬರುವ ಲಾಭ ಅಷ್ಟಕ್ಕಷ್ಟೇ. ಕೊನೆಗೆ ಬೇಕಾದರೆ ನೋಡಿಕೊಳ್ಳಿ.

ಮೇಷ್ಟ್ರ ತೆರೆಗೆ ತಲುಪಿಸುವಲ್ಲಿ ಒಂದೇ ಎಚ್ಚರಿಕೆ. 25 ಮುಖಕ್ಕೆ ಬ್ರೌಸರ್ 25 ಸಲ ಸರ್ವರ್ ಬಾಗಿಲು ತಟ್ಟಬಾರದು. ತೆರೆದಿರುವ ವೆಬ್‌ಸಾಕೆಟ್‌ನಲ್ಲೇ ಹೊಸ ಫೋಟೋ ಬಂದ ಹಾಗೆ ತಳ್ಳಿದರೆ ಸಾಕು. ಹತ್ತು ಜನ ಮೇಲ್ವಿಚಾರಕರು ಒಂದೇ ಪುಟ ನೋಡುವ ಪರೀಕ್ಷೆಯಾದರೆ ಮಾತ್ರ 25 ಫೋಟೋ ಜೋಡಿಸಿ 800×600ರ ಒಂದೇ ಚಿತ್ರ ಮಾಡಿ ಕಳಿಸುವುದು ಲಾಭ. ಒಮ್ಮೆ ಜೋಡಿಸಿದ್ದು ಹತ್ತು ಕಡೆ ಹೋಗುತ್ತದೆ. ಇಬ್ಬರಿಗಾಗಿ ಆ ಕಸರತ್ತು ದಂಡ.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪಿಯುಸಿಯವರು ಹೆಚ್ಚುಕಡಿಮೆ ಎಲ್ಲರೂ ಇದರೊಳಗೆ ಬರುತ್ತಾರೆ. ಅವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆಯನ್ನು ಕಾಯ್ದೆ ಕೇಳುತ್ತದೆ. ಒಂದು ನಿಮಿಷದಲ್ಲಿ ಅಳಿಯುವ ಫೋಟೋಗೆ ಒಪ್ಪಿಗೆ ಕೇಳುವುದು ಸುಲಭ. ವರ್ಷಗಟ್ಟಲೆ ಡಿಸ್ಕ್‌ನಲ್ಲಿ ಕೂರುವ ಫೋಟೋಗೆ ಕೇಳುವಾಗ ಪೋಷಕರು ಯಾಕೆ ಅಂತ ಕೇಳೇ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಬೇಕು.

ಇದೆಲ್ಲ ಸರಿಯಾಗಿದೆಯಾ ಅಂತ ನೋಡಲು ಕೆ6, ಲೋಕಸ್ಟ್‌ನಂಥ ಸಾಧನಗಳು ಪುಕ್ಕಟೆ ಸಿಗುತ್ತವೆ. ನಕಲಿ ವಿದ್ಯಾರ್ಥಿಗಳನ್ನು ಸೃಷ್ಟಿಸಿ ಸರ್ವರ್ ಮೇಲೆ ಬಿಡುತ್ತವೆ. ಒಂದೇ ತೊಂದರೆ. ಸೆಕೆಂಡಿಗೆ 20ರಂತೆ ಸಮನಾಗಿ ಬಿಟ್ಟರೆ ಪರೀಕ್ಷೆ ಸಲೀಸಾಗಿ ಪಾಸಾಗುತ್ತದೆ, ಸಂಜೆ ಆರಕ್ಕೆ ಸರ್ವರ್ ಮತ್ತೆ ಮಲಗುತ್ತದೆ. ಇನ್ನೂರನ್ನೂ ಒಂದೇ ಸೆಕೆಂಡಿನಲ್ಲಿ ಒಳಗೆ ಬಿಡಿ. ಹತ್ತು ನಿಮಿಷ ಬಿಟ್ಟು ಅದರಲ್ಲಿ 40ರ ಸಂಪರ್ಕ ಕತ್ತರಿಸಿ, ಐದು ನಿಮಿಷದ ನಂತರ ಒಟ್ಟಿಗೆ ವಾಪಸ್ ಕೊಡಿ. ಸರಾಸರಿ ಸಮಯ ನೋಡಬೇಡಿ. ನೂರರಲ್ಲಿ ಕೊನೆಯ ಐದು ಫೋಟೋಗಳು ಎಷ್ಟು ಹೊತ್ತು ಕಾದವು ಅಂತ ನೋಡಿ. ಅದು ಒಂದು ಸೆಕೆಂಡಿನೊಳಗಿದ್ದರೆ ಮೇಷ್ಟ್ರಿಗೆ ಫೋನ್ ಮಾಡಿ ಹೇಳಬಹುದು, ನಾಳೆ ಕ್ಲಾಸ್ ಇಟ್ಟುಕೊಳ್ಳಿ ಸಾರ್ ಅಂತ.